ಕ್ಯಾಂಪಸ್ ಹಸಿರಾಗಬೇಕು ಸರಿ, ಯಾವುದರಿಂದ ಶುರು ಮಾಡೋದು?

ಕಾಲೇಜಿನಲ್ಲಿ ಪರಿಸರದ ಕೆಲಸ ಶುರು ಮಾಡೋಣ ಎಂದು ಸಭೆ ಕರೆದರೆ ಹತ್ತೇ ನಿಮಿಷದಲ್ಲಿ ಪಟ್ಟಿ ತಯಾರಾಗುತ್ತದೆ. ಸೋಲಾರ್, ಮಳೆನೀರು ಕೊಯ್ಲು, ಎರೆಹುಳು ಗೊಬ್ಬರ, ಗಿಡ ನೆಡುವುದು, ಪ್ಲಾಸ್ಟಿಕ್ ನಿಷೇಧ, ಸೈಕಲ್. ಯಾವುದನ್ನೂ ಬೇಡ ಅನ್ನುವ ಹಾಗಿಲ್ಲ. ಆದರೆ ಇರುವ ದುಡ್ಡು ಒಂದೆರಡಕ್ಕೆ ಸಾಕಾಗುತ್ತದೆ. ಮುಂದೆ ನಿಂತು ಮಾಡುವವರು ಅದಕ್ಕಿಂತಲೂ ಕಡಿಮೆ. ಹಾಗಾಗಿ ಆರಿಸಲೇಬೇಕು.

ಕಾಲೇಜಿಗೆ ಮನೆಗೂ ಕಾರ್ಖಾನೆಗೂ ಇಲ್ಲದ ಒಂದು ಗುಣ ಇದೆ. ಮೂರು ನಾಲ್ಕು ವರ್ಷಕ್ಕೆ ಅಲ್ಲಿನ ಜನ ಪೂರ್ತಿ ಬದಲಾಗುತ್ತಾರೆ. ಉತ್ಸಾಹದಿಂದ ಗೊಬ್ಬರದ ಗುಂಡಿ ತೋಡಿಸಿದ ಹುಡುಗರು ಪದವಿ ಮುಗಿಸಿ ಹೋಗುತ್ತಾರೆ. ಗುಂಡಿ ಅಲ್ಲೇ ಇರುತ್ತದೆ, ಕೇಳುವವರು ಇರುವುದಿಲ್ಲ. ಅದರ ಮೇಲೆ ವರ್ಷಕ್ಕೊಮ್ಮೆ ಉದ್ದನೆಯ ರಜೆ. ಆದ್ದರಿಂದ ಯಾವ ಯೋಜನೆ ಬಂದರೂ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಶುರು ಮಾಡಿದವರು ಹೊರಟ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ? ರಜೆಯಲ್ಲಿ ಇದರ ಗತಿ ಏನು? ಉಳಿತಾಯ ಎಷ್ಟು, ಖರ್ಚು ಎಷ್ಟು ಅನ್ನುವ ಲೆಕ್ಕ ಆಮೇಲೆ. ಕೆಳಗಿನ ಹೋಲಿಕೆಗಳೆಲ್ಲ ಇದೇ ಕಣ್ಣಿನಲ್ಲಿ ಮಾಡಿದವು.

ಸೋಲಾರ್ ಮೊದಲಾ, ಟ್ಯೂಬ್‌ಲೈಟ್ ಮೊದಲಾ?

ಎಲ್ಲರಿಗೂ ಕಾಣಿಸುವುದು ಸೋಲಾರ್. ಉದ್ಘಾಟನೆ ಮಾಡಬಹುದು, ಫೋಟೋ ತೆಗೆಯಬಹುದು. ಟ್ಯೂಬ್‌ಲೈಟ್ ಬದಲಾಯಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಆದರೂ ಲೆಕ್ಕ ಹಾಕಿ ನೋಡಿ.

ಹಳೆಯ 36 ವ್ಯಾಟ್ ಟ್ಯೂಬ್ ತನ್ನ ಚೋಕ್ ಸೇರಿ ಕಡಿಮೆಯೆಂದರೂ 40 ವ್ಯಾಟ್ ಎಳೆಯುತ್ತದೆ. ಅದೇ ಬೆಳಕಿಗೆ ಎಲ್‌ಇಡಿ ಟ್ಯೂಬ್‌ಗೆ 18ರಿಂದ 20 ವ್ಯಾಟ್ ಸಾಕು. ತರಗತಿಯಲ್ಲಿ ದಿನಕ್ಕೆ 10 ಗಂಟೆ, ವರ್ಷಕ್ಕೆ 250 ದಿನ ಉರಿಯಿತು ಅಂತಿಟ್ಟುಕೊಂಡರೆ ಒಂದು ಟ್ಯೂಬ್‌ನಿಂದ ವರ್ಷಕ್ಕೆ 50 ಯೂನಿಟ್ ಉಳಿಯುತ್ತದೆ. ಸಾವಿರ ಟ್ಯೂಬ್ ಇರುವ ಕಾಲೇಜಿನಲ್ಲಿ 50,000 ಯೂನಿಟ್. ಇಷ್ಟನ್ನು ಸೋಲಾರ್‌ನಿಂದ ತೆಗೆಯಬೇಕಾದರೆ? ಒಳ್ಳೆಯ ಬಿಸಿಲಿನ ಜಾಗದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ 1,300 ಯೂನಿಟ್ ಆಸುಪಾಸು ಕೊಡುತ್ತದೆ. ಅಂದರೆ 38 ಕಿಲೋವ್ಯಾಟ್ ಬೇಕು. ಓಡಾಡುವ ಜಾಗ, ನೆರಳಿನ ಅಂತರ ಎಲ್ಲ ಸೇರಿ ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್ ಹಿಡಿದರೆ 380 ಚದರ ಮೀಟರ್ ತಾರಸಿ. ಟ್ಯೂಬ್ ಬದಲಾಯಿಸಲು ಒಬ್ಬ ಎಲೆಕ್ಟ್ರಿಷಿಯನ್, ಒಂದು ಏಣಿ ಸಾಕು.

ಸೀಲಿಂಗ್ ಫ್ಯಾನ್ ಜಾಸ್ತಿ ಓಡುವ ಕಡೆ ಉಳಿತಾಯ ಇನ್ನೂ ದೊಡ್ಡದು. ಹಳೆಯ ಫ್ಯಾನ್ 70–75 ವ್ಯಾಟ್ ತಿಂದರೆ, ಕಡಿಮೆ ವಿದ್ಯುತ್ ಎಳೆಯುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸಿನಲ್ಲೇ ತಿರುಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕಿಲ್ಲ. ಲೈಬ್ರರಿ, ಹಾಸ್ಟೆಲ್, ಕಾರಿಡಾರ್‌ನಂಥ ಗಂಟೆಗಟ್ಟಲೆ ಓಡುವ ಜಾಗಗಳಿಂದ ಶುರು ಮಾಡಿ. ವಾರಕ್ಕೊಮ್ಮೆ ತೆರೆಯುವ ಸಭಾಂಗಣದ ಫ್ಯಾನ್ ಹಾಗೇ ಇರಲಿ.

ಹಾಗಂತ ಸೋಲಾರ್ ಬೇಡ ಅಂತಲ್ಲ. ಬಳಕೆ ಇಳಿಸಿದ ಮೇಲೆ ಹಾಕಿದರೆ ಚಿಕ್ಕ ಘಟಕವೇ ಹೆಚ್ಚು ಭಾಗ ತುಂಬಿಕೊಡುತ್ತದೆ. ಕಾಲೇಜು ಹಗಲಲ್ಲಿ ನಡೆಯುವುದರಿಂದ ಬಿಸಿಲಿಗೂ ಬಳಕೆಗೂ ಒಳ್ಳೆಯ ಹೊಂದಾಣಿಕೆ. ಆದರೆ ಬೇಸಿಗೆ ರಜೆಯಲ್ಲಿ ಬಿಸಿಲು ಜೋರು, ಕ್ಲಾಸ್ ಖಾಲಿ. ಆ ಹೊತ್ತಿನ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟು ಲೆಕ್ಕಕ್ಕೆ ಹಿಡಿಸಿಕೊಳ್ಳುವ ನೆಟ್ ಮೀಟರಿಂಗ್ ನಿಮ್ಮಲ್ಲಿ ಇದೆಯಾ, ಎಷ್ಟರವರೆಗೆ ಬಿಡುತ್ತಾರೆ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಘಟಕದ ಗಾತ್ರವನ್ನು ರಜಾದಿನದ ಬಳಕೆಗೆ ಹತ್ತಿರ ಇಡುವುದು ಜಾಣತನ. ತಾರಸಿಗೆ ಇನ್ನೈದು ವರ್ಷದಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಬೇಕಿದ್ದರೆ ಅದನ್ನು ಮುಗಿಸಿಯೇ ಪ್ಯಾನೆಲ್ ಕೂರಿಸಿ. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ಖಾತರಿ ಇರುತ್ತದೆ. ನಡುವೆ ಎಲ್ಲ ಬಿಚ್ಚಿ ಮತ್ತೆ ಕೂರಿಸುವ ಖರ್ಚು ಯಾರಿಗೂ ಬೇಡ.

ಸ್ವಂತ ದುಡ್ಡಿನಲ್ಲಿ ಹಾಕಿಸುವುದೋ, ಕಂಪನಿಯವರೇ ಹಾಕಿ ನಮಗೆ ವಿದ್ಯುತ್ ಮಾರುವ ಒಪ್ಪಂದವೋ? ಕೈಯಲ್ಲಿ ಬಂಡವಾಳ ಇದ್ದು, ಎಲೆಕ್ಟ್ರಿಕಲ್ ಸಿಬ್ಬಂದಿ ಕಾಯಂ ಇದ್ದರೆ ಸ್ವಂತದ್ದೇ ಲಾಭ. ಹತ್ತು ಹದಿನೈದು ವರ್ಷಕ್ಕೆ ಇನ್ವರ್ಟರ್ ಬದಲಾಯಿಸಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಬಂಡವಾಳ ಇಲ್ಲದಿದ್ದರೆ, ಅಥವಾ ಪ್ಯಾನೆಲ್ ತೊಳೆಯುವವರೇ ಸಿಗುವುದಿಲ್ಲ ಎಂದು ಗೊತ್ತಿದ್ದರೆ, ಒಪ್ಪಂದ ವಾಸಿ. ಉಳಿತಾಯ ಕಡಿಮೆ, ಆದರೆ ಪ್ಯಾನೆಲ್ ಕೆಟ್ಟರೆ ನಷ್ಟ ಅವರದು, ಹಾಗಾಗಿ ರಿಪೇರಿಗೆ ಅವರೇ ಓಡಿ ಬರುತ್ತಾರೆ. ಸಹಿ ಹಾಕುವ ಮುಂಚೆ ಎರಡು ವಿಷಯ ಓದಿ: ಪ್ರತಿ ವರ್ಷ ದರ ಎಷ್ಟು ಏರುತ್ತದೆ, ಮತ್ತು ನೀವು ಆ ಕಟ್ಟಡದ ಮೇಲೆ ಇನ್ನೊಂದು ಮಹಡಿ ಕಟ್ಟಲು ಹೊರಟರೆ ಏನಾಗುತ್ತದೆ.

ಹಾಸ್ಟೆಲ್‌ನ ಬಿಸಿನೀರಿನದು ಬೇರೆ ಕತೆ. ನೀರು ಕಾಯಿಸುವ ಸೋಲಾರ್ ಹೀಟರ್ ತನ್ನ ಮೇಲೆ ಬಿದ್ದ ಬಿಸಿಲಿನ ಅರ್ಧದಷ್ಟನ್ನು ಶಾಖವಾಗಿ ಹಿಡಿಯಬಲ್ಲದು. ವಿದ್ಯುತ್ ಪ್ಯಾನೆಲ್ ಹಿಡಿಯುವುದು ಐದನೇ ಒಂದು ಭಾಗ. ತಾರಸಿ ಚಿಕ್ಕದು, ಬಿಸಿಲು ಚೆನ್ನಾಗಿದೆ ಅಂದರೆ ಹೀಟರ್ ಒಳ್ಳೆಯದು. ಮೋಡದ ದಿನ ಜಾಸ್ತಿ ಇರುವ ಕಡೆ ಹೀಟ್ ಪಂಪ್ ಯೋಚಿಸಿ. ಅದು ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಯಂತ್ರ, ಹಾಗಾಗಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ, ಗೀಸರ್ ಒಂದಕ್ಕೆ ಒಂದು ಮಾತ್ರ. ಯಾವುದನ್ನೇ ಹಾಕಿದರೂ ಪೈಪಿನ ಉದ್ದ ನೋಡಿ. ಟ್ಯಾಂಕು ಐದನೇ ಮಹಡಿಯ ಮೇಲೆ, ಬಚ್ಚಲು ನೆಲಮಹಡಿಯಲ್ಲಿ ಇದ್ದರೆ ಬಿಸಿನೀರು ಬರುವಷ್ಟರಲ್ಲಿ ಎರಡು ಬಕೆಟ್ ತಣ್ಣೀರು ಚರಂಡಿಗೆ ಹೋಗಿರುತ್ತದೆ.

ಖರ್ಚೇ ಇಲ್ಲದ ಇನ್ನೊಂದು ದಾರಿ ಇದೆ, ಅದನ್ನು ಯಾವ ಸಮಿತಿಯೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಅದು ಟೈಮ್‌ಟೇಬಲ್. ಸಂಜೆಯ ನಾಲ್ಕು ಕ್ಲಾಸ್ ನಾಲ್ಕು ಕಟ್ಟಡದಲ್ಲಿ ನಡೆದರೆ ನಾಲ್ಕು ಕಡೆಯೂ ಲೈಟು, ಎಸಿ, ಲಿಫ್ಟ್ ಓಡಬೇಕು. ಒಂದೇ ಕಟ್ಟಡಕ್ಕೆ ತಂದರೆ ಮೂರು ಕಟ್ಟಡ ಬಂದ್. ಕೋಣೆ ಸಾಲುತ್ತಿಲ್ಲ, ಹೊಸ ಹಸಿರು ಕಟ್ಟಡ ಕಟ್ಟೋಣ ಎನ್ನುವ ಪ್ರಸ್ತಾಪ ಬಂದಾಗಲೂ ಮೊದಲು ಇರುವ ಕೋಣೆಗಳು ದಿನಕ್ಕೆ ಎಷ್ಟು ಗಂಟೆ ತುಂಬಿರುತ್ತವೆ ಎಂದು ನೋಡಿ. ಸಿಮೆಂಟು, ಕಬ್ಬಿಣ ತಯಾರಾಗುವಾಗಲೇ ಬೇಕಾದಷ್ಟು ಹೊಗೆ ಹೊರಗೆ ಹೋಗಿರುತ್ತದೆ. ಆ ಮೇಲೆ ಗೋಡೆಗೆ ಎಷ್ಟು ಹಸಿರು ಬಳ್ಳಿ ಹಬ್ಬಿಸಿದರೂ ಅದು ವಾಪಸ್ ಬರುವುದಿಲ್ಲ.

ಊಟದ ಕಸ: ಗೊಬ್ಬರವಾ, ಗ್ಯಾಸಾ, ಅಥವಾ ಕಸವೇ ಆಗದ ಹಾಗೆ ನೋಡೋದಾ?

ಮೆಸ್ ಅಥವಾ ಕ್ಯಾಂಟೀನ್ ಇರುವ ಕ್ಯಾಂಪಸ್‌ನಲ್ಲಿ ಈ ಆಯ್ಕೆಗೇ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು. ಕಸದ ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆಯುವ ಅನ್ನ, ತರಕಾರಿಯಿಂದ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 27 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಬಿಸಿ ಏರಿಸುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಮನೆ, ಹೋಟೆಲು, ಅಂಗಡಿಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸವಾಯಿತು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಲೆಕ್ಕ ಕೊಟ್ಟಿದೆ.

ಯಂತ್ರ ಕೊಳ್ಳುವ ಮುಂಚೆ ಒಂದು ವಾರ ತೂಕ ಹಾಕಿ. ಎರಡು ಡಬ್ಬ ಇಡಿ: ಅಡುಗೆಮನೆಯ ಸಿಪ್ಪೆ ಒಂದರಲ್ಲಿ, ತಟ್ಟೆಯಲ್ಲಿ ಉಳಿದದ್ದು ಇನ್ನೊಂದರಲ್ಲಿ. ಬಡಿಸದೇ ಪಾತ್ರೆಯಲ್ಲೇ ಉಳಿದಿದ್ದನ್ನು ಬೇರೆ ಬರೆದುಕೊಳ್ಳಿ. ಪಾತ್ರೆಯಲ್ಲಿ ಉಳಿದದ್ದು ಜಾಸ್ತಿ ಇದ್ದರೆ ಎಷ್ಟು ಜನ ಊಟಕ್ಕೆ ಬರುತ್ತಾರೆ ಅನ್ನುವ ಅಂದಾಜೇ ತಪ್ಪುತ್ತಿದೆ ಎಂದರ್ಥ. ಅದಕ್ಕೆ ಔಷಧ ಹಿಂದಿನ ರಾತ್ರಿ ಹೆಸರು ಕೊಡುವ ಪದ್ಧತಿ. ತಟ್ಟೆಯಲ್ಲಿ ಉಳಿದದ್ದು ಜಾಸ್ತಿಯಾದರೆ ಸೌಟು ಚಿಕ್ಕದು ಮಾಡಿ, ಎರಡನೇ ಸಲ ಬೇಕಾದಷ್ಟು ಬಡಿಸಿ. ಅಮೆರಿಕದ ಕಾಲೇಜುಗಳಲ್ಲಿ ಊಟದ ಟ್ರೇಯನ್ನೇ ತೆಗೆದು ನೋಡಿದರು. ಒಂದೇ ಕೈಯಲ್ಲಿ ಹಿಡಿಯುವಷ್ಟೇ ಹಾಕಿಸಿಕೊಳ್ಳಬೇಕಾದಾಗ ತಲಾ ಕಸ ಕಾಲು ಭಾಗಕ್ಕೂ ಹೆಚ್ಚು ಇಳಿದ ವರದಿಗಳು 2008ರಲ್ಲೇ ಬಂದವು. ತೊಳೆಯುವ ಟ್ರೇಯೂ ಇಲ್ಲ, ನೀರೂ ಉಳಿಯಿತು.

ಮೆನು ಬದಲಾವಣೆ ಇನ್ನೂ ದೊಡ್ಡ ಹೆಜ್ಜೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಡುಗೆ ವಿಭಾಗ 2016ರಲ್ಲಿ ದನದ ಮತ್ತು ಕುರಿಯ ಮಾಂಸವನ್ನು ತನ್ನ ಮೆನುವಿನಿಂದ ತೆಗೆಯಿತು. ಕೊಳ್ಳುವ ಪ್ರತಿ ಕಿಲೋ ಆಹಾರದ ಇಂಗಾಲದ ಹೊರೆ ಶೇ 33ರಷ್ಟು ಇಳಿಯಿತು. ಇಷ್ಟು ಗಟ್ಟಿ ನಿರ್ಧಾರ ಎಲ್ಲ ಕಡೆ ಸಾಧ್ಯವಿಲ್ಲ, ಜಗಳಗಳೂ ಆಗುತ್ತವೆ. ಮೆತ್ತಗಿನ ದಾರಿಯೂ ಅಲ್ಲೇ ಇದೆ. ಅದೇ ವಿಶ್ವವಿದ್ಯಾಲಯದ ಕ್ಯಾಂಟೀನ್‌ಗಳಲ್ಲಿ ನಾಲ್ಕು ಊಟಗಳಲ್ಲಿ ಒಂದು ಸಸ್ಯಾಹಾರ ಇದ್ದದ್ದನ್ನು ಎರಡು ಮಾಡಿದಾಗ ಸಸ್ಯಾಹಾರದ ಮಾರಾಟ ಕನಿಷ್ಠ ಶೇ 41ರಷ್ಟು, ಗರಿಷ್ಠ ಶೇ 79ರಷ್ಟು ಹೆಚ್ಚಾಯಿತು. ಯಾರಿಗೂ ಏನೂ ನಿಷೇಧಿಸಲಿಲ್ಲ, ಉಪದೇಶವೂ ಮಾಡಲಿಲ್ಲ.

ಇಷ್ಟೆಲ್ಲ ಮಾಡಿಯೂ ಉಳಿಯುವ ಹಸಿ ಕಸಕ್ಕೆ ಈಗ ಯಂತ್ರ, ಗುಂಡಿ ನೋಡೋಣ.

ಕಾಂಪೋಸ್ಟ್ ರಾಶಿ ಕಾಲೇಜಿಗೆ ಹೇಳಿ ಮಾಡಿಸಿದ್ದು. ಕಾರಣ, ಮರಗಳಿರುವ ಕ್ಯಾಂಪಸ್‌ನಲ್ಲಿ ತರಗೆಲೆಗೆ ಬರವಿಲ್ಲ. ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ 30ಕ್ಕೆ 1ರಂತೆ ಇದ್ದರೆ ರಾಶಿ ಚೆನ್ನಾಗಿ ಕಳಿಯುತ್ತದೆ. ಊಟದ ಕಸದಲ್ಲಿ ಸಾರಜನಕ, ತರಗೆಲೆಯಲ್ಲಿ ಇಂಗಾಲ. ರಾಶಿ ಒಂದು ಘನ ಮೀಟರ್‌ಗಾದರೂ ಬಂದರೆ ಒಳಗಿನ ಶಾಖ 55 ಡಿಗ್ರಿ ದಾಟುತ್ತದೆ, ಕಳೆಬೀಜ, ರೋಗಾಣು ಸಾಯುತ್ತವೆ. ವಾಸನೆ ಬಂತು ಅಂದರೆ ನೀರು ಜಾಸ್ತಿ, ಗಾಳಿ ಕಡಿಮೆ. ಒಣ ಎಲೆ ಸೇರಿಸಿ ತಿರುವಿ ಹಾಕಿದರೆ ಸರಿಹೋಗುತ್ತದೆ. ಇದರ ದೊಡ್ಡ ಅನುಕೂಲ ಅಂದರೆ ರಜೆಯಲ್ಲಿ ಎರಡು ತಿಂಗಳು ಸುಮ್ನೆ ಬಿಟ್ಟರೂ ಏನೂ ಆಗುವುದಿಲ್ಲ. ನಿಧಾನವಾಗಿ ಕಳಿಯುತ್ತಾ ಇರುತ್ತದೆ.

ಎರೆಹುಳು ಗೊಬ್ಬರದ ಗುಣಮಟ್ಟ ಚೆನ್ನಾಗಿರುತ್ತದೆ, ತೋಟಗಾರರಿಗೆ ಇಷ್ಟ. ಆದರೆ ಹುಳುಗಳು ಜೀವಂತ ಕೆಲಸಗಾರರು. ಎಣ್ಣೆ, ಉಪ್ಪು, ಹುಳಿ ಹಣ್ಣಿನ ಸಿಪ್ಪೆ ಅವಕ್ಕೆ ಆಗದು. 35 ಡಿಗ್ರಿ ದಾಟಿದ ಶಾಖದಲ್ಲಿ ಸಾಯುತ್ತವೆ. ತಟ್ಟೆಯಲ್ಲಿ ಉಳಿದ ಉಪ್ಪುಖಾರದ ಊಟ ಅವುಗಳಿಗೆ ಹಾಕುವಂತಿಲ್ಲ. ಸಸ್ಯಶಾಸ್ತ್ರ ವಿಭಾಗದವರು ತಮ್ಮ ಪಾಠದ ಭಾಗವಾಗಿ ನೋಡಿಕೊಳ್ಳುತ್ತಾರೆ ಅಂದರೆ ಮಾತ್ರ ಹಾಕಿ.

ಬಯೋಗ್ಯಾಸ್‌ಗೆ ಎರಡು ಲಾಭ: ಗ್ಯಾಸೂ ಸಿಗುತ್ತದೆ, ಬಗ್ಗಡ ಗೊಬ್ಬರವೂ ಆಗುತ್ತದೆ. ವರ್ಷವಿಡೀ ನಡೆಯುವ ದೊಡ್ಡ ಹಾಸ್ಟೆಲ್ ಮೆಸ್ ಇದ್ದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅದಕ್ಕೆ ದಿನಾ ಊಟ ಬೇಕು, ಅದೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಹಬ್ಬದ ಮರುದಿನ ಮೂರು ಪಟ್ಟು ಸುರಿದರೆ ಒಳಗೆ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ರಜೆಯಲ್ಲಿ ಹಸಿವಿಗೆ ಬಿದ್ದರೆ ಮತ್ತೆ ಚಾಲೂ ಆಗಲು ವಾರಗಟ್ಟಲೆ ಹಿಡಿಯುತ್ತದೆ. ಗ್ಯಾಸ್ ಬಳಸುವ ಒಲೆ ಹತ್ತಿರದಲ್ಲೇ ಇರಬೇಕು. ಹಗಲು ಮಾತ್ರ ನಡೆಯುವ ಚಿಕ್ಕ ಕಾಲೇಜಿಗೆ ನಾನು ಇದನ್ನು ಹೇಳುವುದಿಲ್ಲ.

24 ಗಂಟೆಯಲ್ಲಿ ಗೊಬ್ಬರ ಎಂದು ಮಾರುವ ವಿದ್ಯುತ್ ಯಂತ್ರಗಳ ಬಗ್ಗೆ ಒಂದು ಮಾತು. ಒಂದು ದಿನದಲ್ಲಿ ಗೊಬ್ಬರ ಆಗುವುದಿಲ್ಲ. ಅವು ಬಹುಪಾಲು ಕಸವನ್ನು ಬಿಸಿ ಮಾಡಿ, ಒಣಗಿಸಿ, ಪುಡಿ ಮಾಡುತ್ತವೆ. ಆ ಪುಡಿಯನ್ನು ಇನ್ನೂ ಕೆಲವು ವಾರ ಕಳಿಯಲು ಬಿಡಲೇಬೇಕು. ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಗಿಡಕ್ಕೇ ತೊಂದರೆ. ಜಾಗವೇ ಇಲ್ಲದ ನಗರದ ಕಾಲೇಜಿಗೆ ಕಸದ ತೂಕ ಇಳಿಸಲು ಉಪಯೋಗ ಆಗಬಹುದು, ಅಷ್ಟೇ.

ನೀರು: ಸೋರುವ ನಲ್ಲಿ, ಮಳೆ, ಮರುಬಳಕೆ

ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿ ವರ್ಷಕ್ಕೆ ಸುಮಾರು 11,000 ಲೀಟರ್ ಕಳೆಯುತ್ತದೆ. ಫ್ಲಶ್ ಟ್ಯಾಂಕ್ ಒಳಗೊಳಗೇ ಸೋರುತ್ತಿದ್ದರೆ ಇನ್ನೂ ಜಾಸ್ತಿ, ಸದ್ದೂ ಇಲ್ಲ. ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಸುಲಭ ಉಪಾಯ ಇದೆ. ಯಾರೂ ಇಲ್ಲದ ರಜೆಯ ರಾತ್ರಿ ಮೀಟರ್ ಓದಿ, ಬೆಳಿಗ್ಗೆ ಮತ್ತೆ ಓದಿ. ಅಂಕಿ ಓಡಿದ್ದರೆ ಅದಷ್ಟೂ ಸೋರಿಕೆ. ಕಟ್ಟಡಕ್ಕೊಂದು ಮೀಟರ್ ಇದ್ದರೆ ಹುಡುಕುವುದು ಇನ್ನೂ ಸಲೀಸು. ಹಳೆಯ ಫ್ಲಶ್‌ಗೆ ಒಮ್ಮೆಗೆ ಹತ್ತು ಲೀಟರ್‌ಗೂ ಹೆಚ್ಚು ನೀರು ಬೇಕು. ಎರಡು ಬಟನ್ ಇರುವ ಹೊಸದಕ್ಕೆ 6 ಅಥವಾ 3 ಲೀಟರ್ ಸಾಕು.

ಮಳೆನೀರಿನ ಲೆಕ್ಕ ಬಾಯಿಪಾಠ ಮಾಡಿಕೊಳ್ಳುವಷ್ಟು ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಬಿದ್ದರೆ 20,000 ಲೀಟರ್. ಆವಿಯಾದದ್ದು, ಚೆಲ್ಲಿಹೋದದ್ದು ಕಳೆದು 16,000 ಸಿಕ್ಕಿತು ಅಂದುಕೊಳ್ಳಿ. ಸಾವಿರ ಜನರ ಹಾಸ್ಟೆಲ್‌ನಲ್ಲಿ ತಲೆಗೆ 100 ಲೀಟರ್‌ನಂತೆ ದಿನಕ್ಕೆ ಲಕ್ಷ ಲೀಟರ್ ಬೇಕು. ಆ ಜೋರು ಮಳೆ ನಾಲ್ಕು ಗಂಟೆಗೂ ಸಾಲದು! ಹಾಗಾಗಿ ವರ್ಷದಲ್ಲಿ ಹಲವು ತಿಂಗಳು ಬಿಟ್ಟುಬಿಟ್ಟು ಮಳೆ ಬರುವ ಕಡೆ ಟ್ಯಾಂಕು ಕಟ್ಟಿ, ಅದು ಪದೇ ಪದೇ ತುಂಬಿ ಖಾಲಿಯಾಗುತ್ತಾ ದುಡಿಯುತ್ತದೆ. ಮಳೆಯೆಲ್ಲ ಎರಡು ಮೂರು ತಿಂಗಳಲ್ಲೇ ಸುರಿದು ಹೋಗುವ ಕಡೆ ನೆಲಕ್ಕೆ ಇಂಗಿಸುವುದೇ ಸರಿ. ಎರಡಕ್ಕೂ ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ವ್ಯವಸ್ಥೆ ಇರಲಿ. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ, ಫಿಲ್ಟರ್ ತೊಳೆಯುವ ಕೆಲಸ ಯಾರ ಹೆಸರಿಗೆ ಬರೆದಿದೆ? ಉತ್ತರ ಇಲ್ಲದಿದ್ದರೆ ಎರಡನೇ ವರ್ಷಕ್ಕೇ ಇಂಗುಗುಂಡಿಗೆ ಹೂಳು ತುಂಬುತ್ತದೆ.

ಬಳಸಿದ ನೀರನ್ನು ಶುದ್ಧ ಮಾಡಿ ಫ್ಲಶ್‌ಗೆ ಕೊಡಲು ಎರಡನೇ ಪೈಪ್ ಬೇಕು. ಹೊಸ ಕಟ್ಟಡ ಕಟ್ಟುವಾಗಲೇ ಅದನ್ನು ಹಾಕಿಸಿ. ಹಳೆಯ ಕಟ್ಟಡದ ಗೋಡೆ ಒಡೆಯುವ ಬದಲು ಆ ನೀರನ್ನು ಗಿಡಗಳಿಗೆ ಬಿಡಿ.

ನಿಷೇಧವೋ, ಅನುಕೂಲವೋ?

ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯ 2013ರಲ್ಲಿ ಕ್ಯಾಂಪಸ್‌ನಲ್ಲಿ ಬಾಟಲಿ ನೀರಿನ ಮಾರಾಟ ನಿಲ್ಲಿಸಿತು. ಆಮೇಲೆ ಲೆಕ್ಕ ನೋಡಿದರೆ ಕ್ಯಾಂಪಸ್‌ಗೆ ಬರುವ ಬಾಟಲಿಗಳ ತಲಾ ಸಂಖ್ಯೆ ಇಳಿಯುವ ಬದಲು ಏರಿತ್ತು. ನೀರಿನ ಬಾಟಲಿ ಇಲ್ಲ ಅಂದಾಗ ಜನ ಸಿಹಿ ಪಾನೀಯದ ಬಾಟಲಿ ಕೊಂಡರು. ಪ್ಲಾಸ್ಟಿಕ್ಕೂ ಕಡಿಮೆಯಾಗಲಿಲ್ಲ, ಸಕ್ಕರೆಯೂ ಜಾಸ್ತಿಯಾಯಿತು. ಬಾಟಲಿ ತುಂಬಿಕೊಳ್ಳುವ ನಲ್ಲಿ ಪ್ರತಿ ಮಹಡಿಯಲ್ಲೂ ಇರಬೇಕು, ನೀರು ತಣ್ಣಗಿರಬೇಕು, ಫಿಲ್ಟರ್ ಬದಲಾಯಿಸಿದ ತಾರೀಖು ಅಲ್ಲೇ ಅಂಟಿಸಿರಬೇಕು. ಜನಕ್ಕೆ ಆ ನೀರಿನ ಮೇಲೆ ನಂಬಿಕೆ ಬಂದ ಮೇಲೆ ನಿಷೇಧದ ಮಾತು.

ಓಡಾಟದಲ್ಲೂ ಇದೇ. ವಿದ್ಯಾರ್ಥಿಗಳು ದೂರದಿಂದ ಬರುವ ಕಾಲೇಜಿನಲ್ಲಿ ಬೈಕು, ಕಾರಿನ ಹೊಗೆಯೇ ದೊಡ್ಡ ಪಾಲು ಇರಬಹುದು. ವರದಿಗಳಲ್ಲಿ ಬಿಟ್ಟುಹೋಗುವುದೂ ಇದೇ ಪಾಲು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2000ರಲ್ಲಿ ಗುರುತಿನ ಚೀಟಿ ತೋರಿಸಿದವರಿಗೆ ನಗರದ ಬಸ್ ಉಚಿತ ಮಾಡಿತು. ಮೊದಲ ವರ್ಷದಲ್ಲೇ ಕ್ಯಾಂಪಸ್‌ಗೆ ಬಸ್ಸಿನಲ್ಲಿ ಬರುವವರು ಅರ್ಧಕ್ಕಿಂತ ಹೆಚ್ಚು ಏರಿದರು, ಒಬ್ಬರೇ ಕಾರಿನಲ್ಲಿ ಬರುವವರು ಕಡಿಮೆಯಾದರು. ಊರಲ್ಲಿ ಬಸ್ ಚೆನ್ನಾಗಿದ್ದರೆ ಸ್ವಂತ ಬಸ್ ಕೊಳ್ಳುವುದಕ್ಕಿಂತ ಪಾಸ್ ಕೊಡಿಸುವುದೇ ಒಳ್ಳೆಯದು. ಬಸ್ಸೇ ಇಲ್ಲದ ಕಡೆ ಮಾತ್ರ ಕಾಲೇಜು ಬಸ್. ಕ್ಯಾಂಪಸ್ ಒಳಗೆ ಓಡಿಸುವ ಬ್ಯಾಟರಿ ಗಾಡಿ ನನಗೆ ಅಷ್ಟು ಹಿಡಿಸುವುದಿಲ್ಲ. ನಡೆಯಲು ಕಷ್ಟ ಇರುವವರಿಗೆ ಅದು ಬೇಕೇ ಬೇಕು. ಉಳಿದವರ ವಿಷಯದಲ್ಲಿ ಅದು ಕಾರಿನ ಬದಲಿಗೆ ಬಂದದ್ದಲ್ಲ, ಕಾಲ್ನಡಿಗೆಯ ಬದಲಿಗೆ ಬಂದದ್ದು.

ಗಿಡ ನೆಡುವುದನ್ನು ನೆರಳಿಗಾಗಿ, ಹಕ್ಕಿಗಾಗಿ ಮಾಡಿ. ಇಂಗಾಲದ ಲೆಕ್ಕಕ್ಕೆ ಬೇಡ. ಇರುವ ದೊಡ್ಡ ಮರವನ್ನು ಪಾರ್ಕಿಂಗ್‌ಗೆ ಕಡಿಯದೆ ಉಳಿಸಿಕೊಂಡರೆ ನೂರು ಸಸಿ ನೆಟ್ಟಷ್ಟು ಕೆಲಸ. ಪೇಪರ್ ವಿಷಯ ಇನ್ನೂ ಚಿಕ್ಕದು: ಪ್ರಿಂಟರ್‌ಗಳನ್ನೆಲ್ಲ ಎರಡೂ ಬದಿಗೆ ಸೆಟ್ ಮಾಡಿ ಮರೆತುಬಿಡಿ.

ಸ್ಪರ್ಧೆ, ರ‍್ಯಾಂಕಿಂಗ್, ದುಡ್ಡು

ಹಾಸ್ಟೆಲ್‌ಗಳ ನಡುವೆ ವಿದ್ಯುತ್ ಉಳಿಸುವ ಸ್ಪರ್ಧೆ ಇಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಮೆರಿಕದ ಓಬರ್ಲಿನ್ ಕಾಲೇಜು 2005ರಲ್ಲಿ ಎರಡು ವಾರ ಇದನ್ನು ಮಾಡಿತು. ಬಳಕೆ ಎಷ್ಟಾಗುತ್ತಿದೆ ಎಂದು ವಿದ್ಯಾರ್ಥಿಗಳಿಗೆ ತೋರಿಸುತ್ತಾ ಹೋದಾಗ ವಿದ್ಯುತ್ ಶೇ 32 ಇಳಿಯಿತು. ನೀರು ಇಳಿದದ್ದು ಶೇ 3 ಮಾತ್ರ. ಸ್ವಿಚ್ ಆರಿಸುವುದು ಸುಲಭ, ಸ್ನಾನ ಕಡಿಮೆ ಮಾಡುವುದು ಕಷ್ಟ, ಅಲ್ವಾ? ನನ್ನ ಪ್ರಕಾರ ಸ್ಪರ್ಧೆಯ ನಿಜವಾದ ಉಪಯೋಗ ಬೇರೆ. ಎಲ್ಲಿ ಎಷ್ಟು ವ್ಯರ್ಥವಾಗುತ್ತಿತ್ತು ಎಂದು ಅದು ತೋರಿಸಿಕೊಡುತ್ತದೆ. ಆಮೇಲೆ ಅಲ್ಲಿಗೆ ಸೆನ್ಸರ್, ಟೈಮರ್ ಹಾಕಿಸಿ. ಪ್ರತಿ ತಿಂಗಳೂ ಸ್ಪರ್ಧೆ ಇಟ್ಟರೆ ಯಾರೂ ಬರುವುದಿಲ್ಲ.

ರ‍್ಯಾಂಕಿಂಗ್ ಬೇಕಾ? ಇಂಡೋನೇಷ್ಯಾ ವಿಶ್ವವಿದ್ಯಾಲಯ 2010ರಲ್ಲಿ ಶುರು ಮಾಡಿದ ಗ್ರೀನ್‌ಮೆಟ್ರಿಕ್ ಇದೆ, ಉತ್ತರ ಅಮೆರಿಕದ ಕಾಲೇಜುಗಳ ಸಂಘ ನಡೆಸುವ ಸ್ಟಾರ್ಸ್ ಇದೆ. ಎರಡಕ್ಕೂ ಮಾಹಿತಿ ತುಂಬುವುದು ಕಾಲೇಜೇ. ಅವುಗಳ ಪ್ರಶ್ನಾವಳಿ ಒಳ್ಳೆಯ ಪಟ್ಟಿ, ಬಿಟ್ಟುಹೋದದ್ದು ಏನು ಎಂದು ನೋಡಿಕೊಳ್ಳಬಹುದು. ಆದರೆ ಫಾರಂ ತುಂಬುವುದೇ ಪೂರ್ಣಾವಧಿ ಕೆಲಸವಾಗುವ ಅಪಾಯ ಇದೆ. ಒಬ್ಬರೇ ಸಿಬ್ಬಂದಿ ಇರುವ ಕಾಲೇಜು ಮೊದಲ ಎರಡು ವರ್ಷ ಬಿಲ್ಲುಗಳ ಲೆಕ್ಕವನ್ನಷ್ಟೇ ಇಡಲಿ: ವಿದ್ಯುತ್, ಡೀಸೆಲ್, ಗ್ಯಾಸ್, ನೀರು, ಕಸದ ತೂಕ.

ದುಡ್ಡು ಎಲ್ಲಿಂದ? ಅನುದಾನ ಒಂದು ಸಲ ಬರುತ್ತದೆ, ಸೋಲಾರ್‌ನಂಥ ದೊಡ್ಡ ಖರ್ಚಿಗೆ ಸರಿ. ವಿದ್ಯಾರ್ಥಿಗಳಿಂದ ಶುಲ್ಕ ಎತ್ತುವುದಾದರೆ ಅವರು ಕಾಲೇಜು ಬಿಡುವ ಮುಂಚೆಯೇ ಕಾಣುವಂಥ ಕೆಲಸಕ್ಕೆ ಬಳಸಿ. ನನಗೆ ಹೆಚ್ಚು ಇಷ್ಟವಾಗುವುದು ಸುತ್ತುನಿಧಿ. ಟ್ಯೂಬ್‌ಲೈಟ್ ಬದಲಾಯಿಸಲು ನಿಧಿಯಿಂದ ಸಾಲ ತೆಗೆಯುವುದು, ಬಿಲ್ಲಿನಲ್ಲಿ ಉಳಿದದ್ದನ್ನು ನಿಧಿಗೆ ತುಂಬುವುದು, ಅದೇ ದುಡ್ಡಿನಲ್ಲಿ ಮುಂದಿನ ವರ್ಷ ಫ್ಯಾನ್. ಹಾರ್ವರ್ಡ್ ವಿಶ್ವವಿದ್ಯಾಲಯ ಇಂಥದ್ದನ್ನು ಬಹಳ ವರ್ಷ ನಡೆಸಿದೆ. ಇದು ಸೋಲುವುದು ಒಂದೇ ಕಡೆ. ಉಳಿದ ಹಣಕ್ಕೆ ಪ್ರತ್ಯೇಕ ಖಾತೆ ತೆರೆಯದಿದ್ದರೆ ಅದು ಸಾಮಾನ್ಯ ಬಜೆಟ್‌ನಲ್ಲಿ ಕರಗಿಹೋಗುತ್ತದೆ, ಬೇರೆ ಯಾವುದೋ ಖರ್ಚಿಗೆ ಹೋಗುತ್ತದೆ. ಆದ್ದರಿಂದ ಮೊದಲ ಸಭೆಗೆ ಪರಿಸರ ಕ್ಲಬ್‌ನವರ ಜೊತೆ ಅಕೌಂಟ್ಸ್ ವಿಭಾಗದವರನ್ನೂ ಕರೆಯಿರಿ, ಕಳೆದ ಮೂರು ವರ್ಷದ ಬಿಲ್ಲುಗಳನ್ನು ತರಲು ಹೇಳಿ.